ನಿಯಮ ಒಂದು ಕಡೆ, ಮುಖ ಒಂದು ಕಡೆ: ಬೀದರ್ ಸೀಮೆಯ ಸರ್ಕಾರಿ ಕೌಂಟರಿನ ಎರಡು ದಶಕ

2012ರ ಮಾರ್ಚ್ 1ರಂದು ಕರ್ನಾಟಕದ ನಾಲ್ಕು ತಾಲ್ಲೂಕುಗಳಲ್ಲಿ ಹೊಸ ಪ್ರಯೋಗವೊಂದು ಶುರುವಾಯಿತು. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವನಿಗೆ ಇಂಥ ದಿನದೊಳಗೆ ಕೆಲಸ ಮಾಡಿಕೊಡುತ್ತೇವೆಂದು ಕಾನೂನೇ ಮಾತು ಕೊಡುವ ‘ಸಕಾಲ’ ಅಂದು ಪ್ರಾಯೋಗಿಕವಾಗಿ ಜಾರಿಗೆ ಬಂತು. ರಾಜ್ಯದ ನಾಲ್ಕು ಕಂದಾಯ ವಿಭಾಗಗಳಿಂದ ಒಂದೊಂದು ತಾಲ್ಲೂಕು: ಚಿತ್ರದುರ್ಗ, ಪುತ್ತೂರು, ಧಾರವಾಡ ಮತ್ತು ಬೀದರ್ ಜಿಲ್ಲೆಯ ಔರಾದ್. ಮೊದಲ ಮೂರು ಹೆಸರುವಾಸಿ ಊರುಗಳು. ಔರಾದ್ ಮಾತ್ರ ರಾಜ್ಯದ ಉತ್ತರದ ತುತ್ತತುದಿ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ಇಂದಿನ ತೆಲಂಗಾಣ. ಬೆಂಗಳೂರು ಇಲ್ಲಿಂದ 700 ಕಿಲೋಮೀಟರಿಗೂ ದೂರ. ಹಿಂದುಳಿದ ತಾಲ್ಲೂಕು ಎಂದು ಪ್ರತಿ ವರದಿಯಲ್ಲೂ ಹೆಸರು ಬರುವ ಈ ಊರಿನ ಕೌಂಟರಿನಲ್ಲಿ ಗೆದ್ದರೆ ಎಲ್ಲಿ ಬೇಕಾದರೂ ಗೆದ್ದಂತೆ.

ಗಡುವನ್ನು ಕಾಗದದ ಮೇಲೆ ಬರೆಯುವುದು ಸುಲಭ. ಅದು ಗುಮಾಸ್ತನ ಮರ್ಜಿಗೆ ಸಿಗದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸ. ಸಕಾಲದ ಬೆನ್ನಿಗೆ ನಿಂತದ್ದು ತಂತ್ರಾಂಶ ಬರೆಯುವವರು ದಶಕಗಳ ಪೆಟ್ಟು ತಿಂದು ಕಲಿತ ಒಂದು ಪಾಠ: ಕೆಲಸದ ನಿಯಮವನ್ನೂ ಅದು ಜನರಿಗೆ ಕಾಣುವ ಬಗೆಯನ್ನೂ ಒಂದೇ ಕಡೆ ಕಲಸಿ ಇಡಬಾರದು. ಯಾರಿಗೆ ಪ್ರಮಾಣಪತ್ರ ಸಿಗಬೇಕು, ಎಷ್ಟು ದಿನದಲ್ಲಿ, ಯಾರ ಸಹಿಯಿಂದ ಎನ್ನುವುದು ನಿಯಮ. ಫಾರ್ಮಿನಲ್ಲಿ ಯಾವ ಖಾನೆ ಎಲ್ಲಿದೆ, ಅಕ್ಷರ ಯಾವ ಭಾಷೆಯದು, ಉತ್ತರ ಪರದೆಯ ಮೇಲೆ ಬರುತ್ತದೆಯೋ ಮೊಬೈಲಿಗೆ ಬರುತ್ತದೆಯೋ ಎನ್ನುವುದು ಮುಖ. ಇವೆರಡೂ ಬೇರೆಯಾಗುತ್ತ ಬಂದ ಕಥೆಯನ್ನು ಬೀದರ್, ಭಾಲ್ಕಿ, ಔರಾದ್‌ಗಳ ಕೌಂಟರಿನ ಮುಂದೆ ನಿಂತು ನೋಡಿದರೆ, ಅದು ಬರೀ ಎಂಜಿನಿಯರುಗಳ ಕಥೆಯಾಗಿ ಉಳಿಯುವುದಿಲ್ಲ.

ಹೊರಗೆ ಉರ್ದು, ಒಳಗೆ ಕನ್ನಡ

ಈ ಸೀಮೆಗೆ ಇಂಥ ಬೇರ್ಪಡಿಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಬೀದರ್ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಕಚೇರಿ, ಕೋರ್ಟು, ಶಾಲೆ ಎಲ್ಲೆಲ್ಲೂ ಉರ್ದುವಿನದೇ ಆಡಳಿತ. ಭಾಲ್ಕಿ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಆ ಕಾಲದಲ್ಲಿ ಕನ್ನಡ ಶಾಲೆ ನಡೆಸಿದ ರೀತಿ ಇಡೀ ಜಿಲ್ಲೆಗೆ ಮನೆಮಾತು. ಹೊರಗೆ ಉರ್ದು ಫಲಕ, ಒಳಗೆ ಕನ್ನಡದ ಪಾಠ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯಲ್ಲಿ ನೆಲೆ ನಿಂತ ಅವರು ಫಲಕದ ಭಾಷೆಗಾಗಿ ಹಟ ಹಿಡಿಯಲಿಲ್ಲ. ಪಾಠದ ಭಾಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬದಲಾಗಬಹುದಾದದ್ದು ಯಾವುದು, ಬದಲಾಗಬಾರದ್ದು ಯಾವುದು ಎಂದು ಮೊದಲೇ ಗೆರೆ ಎಳೆದುಕೊಂಡವರಿಗೆ ಮಾತ್ರ ಇದು ಸಾಧ್ಯ. ತಂತ್ರಾಂಶ ಕಟ್ಟುವವನೂ ಮೊದಲ ದಿನವೇ ಎಳೆದುಕೊಳ್ಳಬೇಕಾದ ಗೆರೆ ಇದೇ.

ಆದರೆ ಅದೇ ಕಾಲದ ಕಂದಾಯ ಕಚೇರಿಯಲ್ಲಿ ಆ ಗೆರೆ ಇರಲಿಲ್ಲ. ಊರಿನ ಜಮೀನಿನ ಲೆಕ್ಕ ಪಟವಾರಿಯ ಕೈಯಲ್ಲಿತ್ತು. ದಾಖಲೆಯನ್ನು ಬರೆಯುವವನೂ ಅವನೇ, ಅದನ್ನು ಓದಿ ಹೇಳುವವನೂ ಅವನೇ. ಹೊಲ ಯಾರದು, ಖಾತೆ ಯಾರ ಹೆಸರಿಗೆ ಬೀಳಬೇಕು ಎಂಬ ನಿಯಮ ಅವನ ಬಾಯಲ್ಲಿ ಬಂದಂತೆ. ಲಿಪಿ ಬಾರದ ರೈತನಿಗೆ ದಸ್ತಾವೇಜು ಎಂದರೆ ಪಟವಾರಿಯ ಮಾತು, ಅಷ್ಟೇ. ಪಹಣಿ, ಖಾಸ್ರಾ, ಪಟ್ಟಾ, ಜಮಾಬಂದಿ ಎಂಬ ಪದಗಳು ಆ ಕಾಲದಿಂದ ನಮ್ಮ ನಾಲಿಗೆಯ ಮೇಲೆ ಉಳಿದಿವೆ. 1954–55ರ ಖಾಸ್ರಾ ಪಹಣಿಯನ್ನು ಹಳೆಯ ಹೈದರಾಬಾದ್ ಸೀಮೆಯ ಜಮೀನು ತಕರಾರುಗಳಲ್ಲಿ ಇಂದಿಗೂ ತೆಗೆದು ನೋಡುತ್ತಾರೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯದ ಪಾಲಾಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ ಗ್ರಾಮ ಲೆಕ್ಕಿಗ ಬಂದ. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಪಹಣಿಗೆ ನಮೂನೆ 16 ಎಂದು ಗೊತ್ತಾಯಿತು: ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ಕಾಲಂ 12ರಲ್ಲಿ ಬೆಳೆ. ಕಾಗದದ ಮಟ್ಟಿಗೆ ನಿಯಮವೂ ನಮೂನೆಯೂ ಬೇರೆ ಬೇರೆ ನಿಂತವು. ನಡೆದದ್ದು ಮಾತ್ರ ಹಳೆಯ ದಾರಿಯಲ್ಲೇ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಚೀಲಗಳಲ್ಲಿ ದಾಖಲೆಗಳು ಓಡಾಡುತ್ತಿದ್ದವು. ಹೆಸರು ತಿದ್ದುವುದಕ್ಕೂ ನಕಲು ಕೊಡುವುದಕ್ಕೂ ಒಬ್ಬನೇ ಧಣಿ. ಸಂತಪುರದ ರೈತ ಬಸ್ಸು ಹತ್ತಿ ಔರಾದಿಗೆ ಬಂದರೆ ಕೇಳಬೇಕಾದ ಮಾತು ಒಂದೇ: “ನಾಳಿಗಿ ಬರ್ರಿ.”

ಭೂಮಿ: ಎರಡು ಪರದೆಗಳ ಕೌಂಟರು

ಕಂದಾಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯತ್ನ ಪಕ್ಕದ ಗುಲ್ಬರ್ಗ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲೇ ನಡೆದಿತ್ತು. ಅದು ಫಲ ಕೊಡಲಿಲ್ಲ. ಪಹಣಿಗಳನ್ನು ಟೈಪು ಮಾಡಿದರೇ ಹೊರತು, ಮುಂದೆ ಖಾತೆ ಬದಲಾದಾಗ ಆ ದಾಖಲೆ ಹೇಗೆ ಬದಲಾಗಬೇಕೆಂಬ ಕಟ್ಟುಪಾಡನ್ನು ಕಂಪ್ಯೂಟರಿಗೆ ಕಟ್ಟಲಿಲ್ಲ. ಮುಖವನ್ನು ನಕಲು ಮಾಡಿ ನಿಯಮವನ್ನು ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಕಂಪ್ಯೂಟರಿನ ಪಹಣಿ ಹಳತಾಯಿತು, ಗ್ರಾಮ ಲೆಕ್ಕಿಗನ ಕೈಚೀಲದ್ದೇ ಖರೆಯಾಯಿತು.

1999ರ ನಂತರ ಕಂದಾಯ ಇಲಾಖೆಯ ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ (ಎನ್‌ಐಸಿ) ಬೆಂಗಳೂರು ಘಟಕ ಬರೆದ ‘ಭೂಮಿ’ ಈ ತಪ್ಪನ್ನು ತಿದ್ದಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು, 177 ತಾಲ್ಲೂಕುಗಳು. ಕೌಂಟರು ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. 15 ರೂಪಾಯಿ ಕೊಟ್ಟರೆ ಯಾರ ಹೊಲದ ಪಹಣಿಯನ್ನಾದರೂ ಯಾರಾದರೂ ಪಡೆಯಬಹುದು ಎಂದಾಯಿತು.

ಭೂಮಿಯ ಆತ್ಮ ಇದ್ದದ್ದು ಮುದ್ರಿತ ಪಹಣಿಯಲ್ಲಲ್ಲ, ಅದರ ಹಿಂದಿನ ನಡೆಯಲ್ಲಿ. ಭಾಲ್ಕಿ ತಾಲ್ಲೂಕಿನಲ್ಲಿ ಒಬ್ಬ ರೈತ ತೀರಿಕೊಂಡು, ಮಕ್ಕಳು ಪೌತಿ ಖಾತೆಗೆ ಬಂದರೆನ್ನಿ. ಕೌಂಟರಿನಲ್ಲಿ ಅರ್ಜಿ ಕೊಟ್ಟ ಕೂಡಲೇ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಮೊದಲು ಬಂದ ಅರ್ಜಿಯನ್ನು ಮೊದಲು ಮುಗಿಸದೆ ಮುಂದಿನದನ್ನು ಎತ್ತಿಕೊಳ್ಳಲು ಯಂತ್ರ ಬಿಡುವುದಿಲ್ಲ. ಸಂಬಂಧಪಟ್ಟವರಿಗೆ ನೋಟಿಸು ಹೊರಡುತ್ತದೆ. ತಕರಾರಿಗೆ ಆಗಿನ ಕಾಯ್ದೆ ಹೇಳಿದ 30 ದಿನ ಕಳೆಯುವವರೆಗೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಅವಧಿ ಮುಗಿದು ತಕರಾರಿಲ್ಲವೆಂದರೆ ಕಂದಾಯ ನಿರೀಕ್ಷಕರು ಆದೇಶ ಮಾಡುತ್ತಾರೆ. ಆ ಆದೇಶ ಕಂಪ್ಯೂಟರಿಗೆ ಏರಿದ ಮೇಲೆ ಕಾಲಂ 9ರ ಹೆಸರು ಬದಲಾಗುತ್ತದೆ. ದಾಖಲೆ ಮುಟ್ಟುವ ಸಿಬ್ಬಂದಿ ಬೆರಳಚ್ಚು ಒತ್ತದೆ ಒಳಗೆ ಹೋಗುವಂತಿಲ್ಲ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಅವರ ಬೆರಳಿನೊಂದಿಗೆ ದಾಖಲಾಗಿ ಉಳಿಯುತ್ತದೆ. ಹೀಗೆ ಕಾಯ್ದೆಯ ಸಾಲು ಗುಮಾಸ್ತನ ನೆನಪಿನಿಂದ ಹೊರಬಂದು ತನ್ನ ಜಾಗದಲ್ಲಿ ಕುಳಿತಿತು.

ಕೌಂಟರಿನ ಮೇಲೆ ಎರಡು ಪರದೆಗಳಿದ್ದವು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಟೈಪಾಗುವ ತನ್ನ ಹೆಸರನ್ನು, ಸರ್ವೆ ನಂಬರನ್ನು, ಎಕರೆ-ಗುಂಟೆಯನ್ನು ರೈತ ಅಲ್ಲೇ ನೋಡಿ “ಅದು ಹಾಂಗಲ್ರಿ” ಎನ್ನಬಹುದಿತ್ತು. ಒಂದೇ ದಾಖಲೆಗೆ ಒಂದೇ ಕ್ಷಣದಲ್ಲಿ ಎರಡು ಮುಖ. ಶತಮಾನಗಳಿಂದ ಕಡತದ ಬೆನ್ನನ್ನಷ್ಟೇ ನೋಡುತ್ತಿದ್ದವನಿಗೆ ಕಡತವೇ ಎದುರಾಗಿ ತಿರುಗಿತು. ಭೂಮಿಯ ಬಗ್ಗೆ ಬರೆದ ನೂರಾರು ಪುಟಗಳಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವ ಸಂಗತಿ ಈ ಎರಡನೆಯ ಪರದೆ.

ಭೂಮಿಯ ಮೊದಲ ಕಟ್ಟಡಕ್ಕೂ ಮಿತಿಯಿತ್ತು. ತಾಲ್ಲೂಕಿಗೊಂದು ಸರ್ವರ್, ಕಚೇರಿಯ ಕಂಪ್ಯೂಟರುಗಳಲ್ಲೇ ಕೂರಿಸಿದ ತಂತ್ರಾಂಶ. ನಿಯಮದಲ್ಲಿ ಚಿಕ್ಕ ತಿದ್ದುಪಡಿಯಾದರೂ ಅದು 177 ತಾಲ್ಲೂಕುಗಳಿಗೆ ತಲುಪಬೇಕು. ಬೀದರಿಗೆ ತಲುಪಿ ಔರಾದಿಗೆ ತಲುಪದಿದ್ದರೆ ಒಂದೇ ಜಿಲ್ಲೆಯಲ್ಲಿ ಎರಡು ಕಾನೂನು. ಮುಂದೆ ದತ್ತಾಂಶವೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ, ಭೂಮಿ ಬ್ರೌಸರಿನಲ್ಲಿ ತೆರೆಯುವ ವ್ಯವಸ್ಥೆಯಾದ ಮೇಲೆ ಈ ತೊಡಕು ಬಿಟ್ಟಿತು. ಅಷ್ಟು ಹೊತ್ತಿಗೆ ಇಡೀ ಜಗತ್ತಿನ ವೆಬ್ ಪ್ರಪಂಚವೇ ಇದೇ ಗೊಂದಲವನ್ನು ಹಾಯ್ದು ಬರುತ್ತಿತ್ತು.

ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದ ಕಾಲ

ಮುಖ ಮತ್ತು ನಿಯಮಗಳನ್ನು ಬೇರ್ಪಡಿಸಬೇಕೆಂಬ ವಿಚಾರ ವೆಬ್‌ಗಿಂತ ಹಳೆಯದು. ನಾರ್ವೆಯಲ್ಲಿ ಹಡಗುಗಳ ವಿನ್ಯಾಸಕ್ಕೆ ತಂತ್ರಾಂಶ ಬರೆಯುತ್ತಿದ್ದ ಟ್ರಿಗ್ವೆ ರೀನ್ಸ್‌ಕಾಗ್ 1978–79ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯಕ್ಕೆ ಅತಿಥಿಯಾಗಿ ಹೋದಾಗ ‘ಮಾಡೆಲ್, ವ್ಯೂ, ಕಂಟ್ರೋಲರ್’ ಎಂಬ ವಿನ್ಯಾಸವನ್ನು ರೂಪಿಸಿದರು. ವಿಷಯದ ತಿರುಳೂ ಅದರ ನಿಯಮವೂ ಮಾಡೆಲ್‌ನಲ್ಲಿ; ಕಣ್ಣಿಗೆ ಕಾಣುವುದು ವ್ಯೂನಲ್ಲಿ; ಬಳಸುವವನ ಕೈಚಲನೆಯನ್ನು ಗ್ರಹಿಸಿ ಮುಂದಕ್ಕೆ ದಾಟಿಸುವುದು ಕಂಟ್ರೋಲರ್. ಒಂದೇ ಮಾಡೆಲ್‌ಗೆ ಎಷ್ಟು ವ್ಯೂಗಳನ್ನಾದರೂ ಜೋಡಿಸಬಹುದು. ಬಳಸುವವನ ಮನಸ್ಸಿನಲ್ಲಿರುವ ಚಿತ್ರವೂ ಯಂತ್ರದ ಒಳಗಿನ ಲೆಕ್ಕವೂ ಒಂದಕ್ಕೊಂದು ಸಂಧಿಸಬೇಕು ಎಂಬುದು ಅವರ ಮೂಲ ಕಾಳಜಿ.

1990ರ ದಶಕದಲ್ಲಿ ವೆಬ್ ಬಂದಾಗ ಈ ಪಾಠ ಮರೆತುಹೋಯಿತು. ಮೊದಲು ವೆಬ್ ಪುಟವೆಂದರೆ ಓದುವ ಕಾಗದ. 1995ರ ಹೊತ್ತಿಗೆ ಪಿಎಚ್‌ಪಿ, 1996ರಲ್ಲಿ ಮೈಕ್ರೋಸಾಫ್ಟಿನ ಎಎಸ್‌ಪಿ, 1999ರಲ್ಲಿ ಜಾವಾದ ಜೆಎಸ್‌ಪಿ ಬಂದವು. ಪುಟದ ನಡುವೆಯೇ ಲೆಕ್ಕಾಚಾರ ಬರೆಯುವ ಅನುಕೂಲ ಸಿಕ್ಕಿತು. ಕೆಲಸ ಬೇಗ ಆಗುತ್ತಿತ್ತು, ಹಾಗಾಗಿ ಎಲ್ಲರೂ ಅದನ್ನೇ ಹಿಡಿದರು. ಅಕ್ಷರದ ಬಣ್ಣ, ಕೋಷ್ಟಕದ ಗೆರೆ, ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅರ್ಹತೆಯ ಷರತ್ತು ಎಲ್ಲವೂ ಒಂದೇ ಕಡತದಲ್ಲಿ ಹೆಣೆದುಕೊಂಡವು.

ಇದರ ಕಷ್ಟ ತಿಳಿಯಲು ಒಂದು ಪ್ರಮಾಣಪತ್ರದ ಗಡುವು 21 ದಿನ ಎಂದು ಇಟ್ಟುಕೊಳ್ಳೋಣ. ಈ 21 ಎಂಬ ಅಂಕಿ ಅರ್ಜಿಯ ಪುಟದಲ್ಲಿ ಒಮ್ಮೆ, ರಸೀದಿಯಲ್ಲಿ ಒಮ್ಮೆ, ತಹಶೀಲ್ದಾರರ ಪುಟದಲ್ಲಿ ಒಮ್ಮೆ, ತಿಂಗಳ ವರದಿಯಲ್ಲಿ ಒಮ್ಮೆ ಬರೆದಿದೆ. ಸರ್ಕಾರ ಅದನ್ನು 15ಕ್ಕೆ ಇಳಿಸಿತು. ಬರೆದವನು ಮೂರು ಕಡೆ ತಿದ್ದಿದ, ನಾಲ್ಕನೆಯದು ಕಣ್ತಪ್ಪಿತು. ರಸೀದಿ ಹೇಳುವುದು ಒಂದು, ಅಧಿಕಾರಿಯ ಪರದೆ ತೋರಿಸುವುದು ಇನ್ನೊಂದು. ಜಗಳ ಶುರುವಾಗುವುದು ಕೌಂಟರಿನಲ್ಲಿ, ಬೈಸಿಕೊಳ್ಳುವುದು ಅಲ್ಲಿ ಕುಳಿತ ಬಡಪಾಯಿ. ಪುಟ ಚೆಂದ ಮಾಡಲು ಬಂದ ವಿನ್ಯಾಸಗಾರ ಒಂದು ಗೆರೆ ಸರಿಸಿದ್ದಕ್ಕೆ ಶುಲ್ಕದ ಲೆಕ್ಕವೇ ತಪ್ಪುವುದೂ ಇಂಥ ತಂತ್ರಾಂಶದಲ್ಲಿ ಸಾಮಾನ್ಯ.

ಪೆಟ್ಟು ತಿಂದ ಜಗತ್ತು ರೀನ್ಸ್‌ಕಾಗ್ ಹೇಳಿದ್ದಕ್ಕೆ ಮರಳಿತು. 1996ರ ಕೊನೆಯಲ್ಲಿ ಬಂದ ಸಿಎಸ್‌ಎಸ್ ಬಣ್ಣ-ಅಳತೆಗಳನ್ನು ಪುಟದ ತಿರುಳಿನಿಂದ ಹೊರಗೆ ಎಳೆಯಿತು. 2000ದಲ್ಲಿ ಜಾವಾದವರಿಗೆ ಸ್ಟ್ರಟ್ಸ್, 2002ರಲ್ಲಿ ಎಎಸ್‌ಪಿ ಡಾಟ್ ನೆಟ್, 2004–05ರಲ್ಲಿ ರೈಲ್ಸ್ ಮತ್ತು ಜ್ಯಾಂಗೊ. ಒಂದೊಂದೂ ತನ್ನದೇ ರೀತಿಯಲ್ಲಿ ಹೇಳಿದ್ದು ಇಷ್ಟೇ: ನಿಯಮವನ್ನು ಒಂದೇ ಕಡೆ ಬರೆಯಿರಿ, ಪುಟ ಅದನ್ನು ಕೇಳಿ ತೋರಿಸಲಿ.

ಕನ್ನಡಕ್ಕೆ ಇನ್ನೊಂದು ಹೆಚ್ಚಿನ ಪೆಟ್ಟೂ ಇತ್ತು. ನಮ್ಮ ಹಳೆಯ ಫಾಂಟುಗಳಲ್ಲಿ ಅಕ್ಷರದ ಗುರುತಿಗೂ ಅಕ್ಷರದ ಚಿತ್ರಕ್ಕೂ ಭೇದವಿರಲಿಲ್ಲ. ಒಂದು ಫಾಂಟಿನಲ್ಲಿ ಟೈಪು ಮಾಡಿದ ಹೆಸರು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ, ಬಳಿಕ ಯೂನಿಕೋಡ್ ಇದನ್ನು ಬಗೆಹರಿಸಿದವು: ಒಳಗೆ ಅಕ್ಷರದ ಗುರುತು ಮಾತ್ರ ಉಳಿಯುತ್ತದೆ, ಅದಕ್ಕೆ ಯಾವ ಫಾಂಟಿನ ಮುಖ ತೊಡಿಸಬೇಕೆಂಬುದು ಪರದೆಯ ಕೆಲಸ. ರೈತನ ಹೆಸರು ಕಾಲಂ 9ರಲ್ಲಿ ನೂರು ವರ್ಷ ಉಳಿಯಬೇಕಾದದ್ದು. ಫಾಂಟಿನ ಆಯುಷ್ಯ ಹತ್ತು ವರ್ಷ. ಇವೆರಡನ್ನೂ ಅಂಟಿಸಿಟ್ಟರೆ ಹೆಸರೂ ಫಾಂಟಿನೊಂದಿಗೇ ಸಾಯುತ್ತದೆ.

ಹೋಬಳಿಗೆ ಬಂದ ಕೌಂಟರು

ಭೂಮಿ ತಾಲ್ಲೂಕು ಕಚೇರಿಯವರೆಗೆ ಬಂದಿತ್ತು. ಮುಂದಿನ ಹೆಜ್ಜೆ ಹೋಬಳಿ. 2006ರ ಸುಮಾರಿಗೆ ಶುರುವಾದ ‘ನೆಮ್ಮದಿ’ ಯೋಜನೆಯಲ್ಲಿ ರಾಜ್ಯದ ತುಂಬ 800 ಕೇಂದ್ರಗಳು ತೆರೆದವು. ಔರಾದ್ ತಾಲ್ಲೂಕಿನ ಚಿಂತಾಕಿ, ಠಾಣಾ ಕುಶನೂರು, ಭಾಲ್ಕಿ ತಾಲ್ಲೂಕಿನ ಖಟಕ್ ಚಿಂಚೋಳಿ, ನಿಟ್ಟೂರು, ಹಲಬರ್ಗಾದಂಥ ಹೋಬಳಿಗಳ ಜನರಿಗೆ ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಕ್ಕೆ ತಾಲ್ಲೂಕಿಗೆ ಅಲೆಯುವ ಕಷ್ಟ ಇಳಿಸುವುದು ಅದರ ಗುರಿ.

ಇಲ್ಲಿ ಬೇರ್ಪಡಿಕೆ ತಂತ್ರಾಂಶದ ಒಳಗಷ್ಟೇ ಅಲ್ಲ, ನೆಲದ ಮೇಲೂ ನಡೆಯಿತು. ಅರ್ಜಿ ಪಡೆದು ಪ್ರಿಂಟು ಕೊಡುವ ಕೌಂಟರನ್ನು ಖಾಸಗಿ ಕಂಪನಿಗಳು ನಡೆಸಿದವು. ಅರ್ಹನೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ತಾಲ್ಲೂಕು ಕಚೇರಿಯ ಅಧಿಕಾರಿಗಳ ಬಳಿಯೇ ಉಳಿಯಿತು. ಪ್ರಮಾಣಪತ್ರಕ್ಕೆ ಡಿಜಿಟಲ್ ಸಹಿ ಬಂತು. ಗುತ್ತಿಗೆ ಮುಗಿದು ಕಂಪನಿಗಳು ಹೊರಟಾಗ ಈ ವಿಂಗಡಣೆಯ ಬೆಲೆ ತಿಳಿಯಿತು. ಕೌಂಟರು ನಡೆಸುವವರು ಬದಲಾದರು, ಹೊಸ ಫಲಕ ಬಿತ್ತು. 2012ರ ಹೊತ್ತಿಗೆ ಅದು ನಾಡಕಚೇರಿಯ ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ವಾಯಿತು. ಪ್ರಮಾಣಪತ್ರಕ್ಕೆ ಬರುವ, ಆರ್‌ಡಿ ಎಂಬ ಎರಡು ಅಕ್ಷರದಿಂದ ಶುರುವಾಗುವ ಸಂಖ್ಯೆ ಇಂದು ಜಿಲ್ಲೆಯ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ. ಸಿಇಟಿ ಅರ್ಜಿ ತುಂಬುವಾಗ “ಆರ್‌ಡಿ ನಂಬರ್ ಹಾಕ್ರಿ” ಎನ್ನುತ್ತಾರೆ. ಆ ಸಂಖ್ಯೆ ಒತ್ತಿದರೆ ಪರೀಕ್ಷಾ ಪ್ರಾಧಿಕಾರದ ಯಂತ್ರ ಕಂದಾಯ ಇಲಾಖೆಯ ಯಂತ್ರವನ್ನು ಕೇಳಿ ಖಚಿತಪಡಿಸಿಕೊಳ್ಳುತ್ತದೆ. ತೀರ್ಮಾನ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಕುಳಿತಿರುವುದರಿಂದಲೇ ಎಷ್ಟು ಮುಖಗಳಾದರೂ ಅದನ್ನು ಕೇಳಬಹುದು. ಪ್ರಮಾಣಪತ್ರ ಕನ್ನಡದಲ್ಲಿ ಬೇಕೋ ಇಂಗ್ಲಿಷಿನಲ್ಲಿ ಬೇಕೋ ಎಂಬುದೂ ಹಾಗೆಯೇ: ತೀರ್ಮಾನ ಒಂದು, ಮುದ್ರಣ ಎರಡು.

ಔರಾದಿನಲ್ಲಿ ಗಡಿಯಾರ ಹೊರಬಂದದ್ದು

2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಆಗ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿ, ಎಸ್. ಸುರೇಶ್ ಕುಮಾರ್ ಕಾನೂನು ಸಚಿವರು. ಸಕಾಲ ಮಿಷನ್ನಿನ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ಶಾಲಿನಿ ರಜನೀಶ್. ನಾಲ್ಕು ತಾಲ್ಲೂಕುಗಳ ಪ್ರಯೋಗ ಒಂದು ತಿಂಗಳು ನಡೆದು, 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಸಕಾಲ ರಾಜ್ಯದಾದ್ಯಂತ ಜಾರಿಗೆ ಬಂತು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ತಪ್ಪಿತಸ್ಥ ಅಧಿಕಾರಿಯಿಂದಲೇ ವಸೂಲಿ.

ಸಕಾಲಕ್ಕೆ ಎದುರಾದ ಸಮಸ್ಯೆ ದೊಡ್ಡದು. ಹನ್ನೊಂದು ಇಲಾಖೆಗಳಿಗೆ ಹನ್ನೊಂದು ಬಗೆಯ ಪದ್ಧತಿ. ಭೂಮಿ ಒಂದು ತಂತ್ರಾಂಶ, ನಾಡಕಚೇರಿ ಇನ್ನೊಂದು; ಕೆಲವೆಡೆ ತಂತ್ರಾಂಶವೇ ಇಲ್ಲ, ಬರೀ ರಿಜಿಸ್ಟರು. ಎಲ್ಲವನ್ನೂ ಒಡೆದು ಹೊಸದಾಗಿ ಕಟ್ಟಲು ಹೊರಟಿದ್ದರೆ ಹತ್ತು ವರ್ಷವಾದರೂ ಸಾಲುತ್ತಿರಲಿಲ್ಲ. ಅವರು ಹಿಡಿದ ದಾರಿ ಬೇರೆ. ಸಮಯದ ನಿಯಮವನ್ನು ಮಾತ್ರ ಇಲಾಖೆಗಳಿಂದ ಹೊರಗೆಳೆದು ಒಂದೇ ಕಡೆ ಇಟ್ಟರು. ಯಾವ ಸೇವೆಗೆ ಎಷ್ಟು ದಿನ, ಮಾಡಿಕೊಡಬೇಕಾದವರು ಯಾರು, ಮೇಲ್ಮನವಿ ಯಾರಿಗೆ: ಇದಿಷ್ಟು ಸಕಾಲದ ಬಳಿ. ಸ್ವಂತ ತಂತ್ರಾಂಶವಿದ್ದ ಇಲಾಖೆಗಳು ಅರ್ಜಿ ಬಂದಾಗ ಸಕಾಲಕ್ಕೆ ತಿಳಿಸಿ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಪಡೆಯುತ್ತವೆ. ಇಲ್ಲದವು ಸಕಾಲದ ಪುಟದಲ್ಲೇ ಅರ್ಜಿ ದಾಖಲಿಸುತ್ತವೆ. ರಸೀದಿ, ಮೊಬೈಲಿಗೆ ಬರುವ ಸಂದೇಶ, ಸಹಾಯವಾಣಿ, ವೆಬ್ ಪುಟ ಇವೆಲ್ಲ ಒಂದೇ ಗಡುವಿನ ನಾಲ್ಕು ಮುಖಗಳು.

ಔರಾದಿನ ಕೌಂಟರಿನಲ್ಲಿ ಇದರಿಂದ ಆದ ಬದಲಾವಣೆ ಮಾತಿನದು. ಅಲ್ಲಿಯವರೆಗೆ ದಿನ ಹೇಳುವವನು ಎದುರಿಗೆ ಕುಳಿತ ನೌಕರ. ಈಗ ದಿನ ಹೇಳುವುದು ರಸೀದಿ. ಮರಾಠಿ ಮನೆಮಾತಿನ ಔರಾದಿನ ರೈತನಿಗೆ ಕನ್ನಡದ ಸಾಲು ಓದಲು ತಡವರಿಸಿದರೂ ತಾರೀಖು ಓದಲು ಬರುತ್ತದೆ. ಆ ತಾರೀಖು ದಾಟಿದರೆ ಕೇಳುವ ಹಕ್ಕು ತನಗಿದೆ ಎಂಬುದೂ ತಿಳಿದಿರುತ್ತದೆ. ನಿಯಮವನ್ನು ಕೌಂಟರಿನ ಹಿಂದಿನಿಂದ ತೆಗೆದು ಬೇರೆಡೆ ಇಟ್ಟ ಮೇಲೆ ಕೌಂಟರು ತನ್ನ ನಿಜವಾದ ಕೆಲಸಕ್ಕೆ ಇಳಿಯಿತು: ಅರ್ಜಿ ತೆಗೆದುಕೊಳ್ಳುವುದು, ಉತ್ತರ ಕೊಡುವುದು.

ಹೆಸರು ಬದಲಾಯಿತು, ಹಕ್ಕು ಉಳಿಯಿತು

ಇದೇ ವರ್ಷಗಳಲ್ಲಿ ಬೀದರಿಗೆ ಇನ್ನೊಂದು ದೊಡ್ಡ ನಿಯಮ ಬಂತು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಸೇರಿ, 2013ರಲ್ಲಿ ಅದರ ಆದೇಶಗಳು ಹೊರಬಿದ್ದವು. ಹೈದರಾಬಾದ್ ಕರ್ನಾಟಕ ಎಂದು ಕರೆಯುತ್ತಿದ್ದ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು, ಉದ್ಯೋಗದಲ್ಲೂ ಮೀಸಲು. ಸ್ಥಳೀಯ ಎಂದರೆ ಯಾರು? ಇಲ್ಲಿ ಹುಟ್ಟಿದವರು, ಇಲ್ಲವೇ ನಿಗದಿತ ಹತ್ತು ವರ್ಷ ಇಲ್ಲಿ ನೆಲೆಸಿದವರು, ಅವರ ಮಕ್ಕಳು. ಇದನ್ನು ಪರಿಶೀಲಿಸಿ ಸಹಾಯಕ ಆಯುಕ್ತರು ಅರ್ಹತಾ ಪ್ರಮಾಣಪತ್ರ ಕೊಡಬೇಕು. ಅರ್ಜಿ ಹಾಕಲು ಹೊಸ ಕಚೇರಿ ಬೇಕಾಗಲಿಲ್ಲ. ಇದ್ದ ನಾಡಕಚೇರಿಗೇ ಹೊಸ ಸೇವೆ ಸೇರಿತು.

ಆಮೇಲೆ ಹೆಸರುಗಳು ಒಂದಾದ ಮೇಲೊಂದು ಬದಲಾದವು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಔರಾದಿನಿಂದ ಕಮಲನಗರ ಬೇರೆ ತಾಲ್ಲೂಕಾಯಿತು. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಪ್ರದೇಶದ ಜಿಲ್ಲೆಗಳು ಆರರಿಂದ ಏಳಾದವು. ಇವುಗಳಲ್ಲಿ ಯಾವುದೂ ಒಬ್ಬ ವಿದ್ಯಾರ್ಥಿಯ ಹಕ್ಕನ್ನು ಕೂದಲೆಳೆಯಷ್ಟೂ ಅಲುಗಿಸಬಾರದು. ಹತ್ತು ವರ್ಷದ ನಿಯಮ ಅದೇ, ಶೇ 70 ಅದೇ. ಹೆಸರು ಇರಬೇಕಾದದ್ದು ಮುಖದಲ್ಲಿ ಮತ್ತು ಪಟ್ಟಿಯಲ್ಲಿ. ಅದನ್ನು ಅರ್ಹತೆಯ ಲೆಕ್ಕದೊಳಗೆ ಟೈಪು ಮಾಡಿಟ್ಟ ತಂತ್ರಾಂಶದಲ್ಲಿ ಮಾತ್ರ “ನಿಮ್ಮ ತಾಲ್ಲೂಕು ಪಟ್ಟಿಯಲ್ಲಿಲ್ಲ” ಎಂಬ ಉತ್ತರ ಬರುತ್ತದೆ.

ಎನ್‌ಐಸಿ ಕಟ್ಟಿದ ಸರ್ವಿಸ್‌ಪ್ಲಸ್ ಎಂಬ ವೇದಿಕೆಯ ಮೇಲೆ 2018ರ ಸುಮಾರಿಗೆ ನಿಂತ ‘ಸೇವಾ ಸಿಂಧು’ ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ. ಅಲ್ಲಿ ಹೊಸ ಸೇವೆಯೊಂದಕ್ಕೆ ಹೊಸ ತಂತ್ರಾಂಶ ಬರೆಯಬೇಕಿಲ್ಲ. ಫಾರ್ಮಿನ ಖಾನೆಗಳು, ಅರ್ಜಿ ಯಾರಿಂದ ಯಾರಿಗೆ ಸಾಗಬೇಕು, ಶುಲ್ಕ ಎಷ್ಟು, ಪ್ರಮಾಣಪತ್ರ ಹೇಗೆ ಕಾಣಬೇಕು ಎಂಬುದನ್ನು ಬೇರೆ ಬೇರೆಯಾಗಿ ಹೊಂದಿಸಿದರೆ ಸೇವೆ ಸಿದ್ಧ. 1991ರಲ್ಲಿ ಒಂದು ಪಹಣಿಯನ್ನು ತಾಜಾ ಇಡಲಾಗದೆ ಸೋತ ಆಡಳಿತಕ್ಕೆ ಇದು ಸಣ್ಣ ದೂರವಲ್ಲ.

ಈಗ ಆಗಬೇಕಾದದ್ದು

ಗೆದ್ದದ್ದನ್ನು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ನಿಯಮ ಗುಮಾಸ್ತನ ಬಾಯಿಂದ ಬಿಡಿಸಿಕೊಂಡು ಯಂತ್ರದ ಹೊಟ್ಟೆ ಸೇರಿದೆ. ಆದರೆ ಅಲ್ಲಿ ಅದು ಏನೆಂದು ಬರೆದಿದೆ ಎಂದು ಓದಲು ಜನರಿಗೆ ದಾರಿಯಿಲ್ಲ. ಪಹಣಿಯಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವಪ್ಪ’ ಎಂದಿದ್ದರೆ ಅರ್ಜಿ ತಿರಸ್ಕೃತ. ಯಾಕೆಂದು ಕೇಳಿದರೆ ಸಿಗುವ ಉತ್ತರ “ಸಿಸ್ಟಮ್ ತಗೋಳಾಕತ್ತಿಲ್ರಿ.” ಹೆಸರಿನ ಒಂದಕ್ಷರ ವ್ಯತ್ಯಾಸವಾದರೆ ಹಕ್ಕು ಹೋಗುತ್ತದೆ ಎಂದು ಯಾವ ಶಾಸನಸಭೆಯೂ ಕಾನೂನು ಮಾಡಿಲ್ಲ. ಅದನ್ನು ಬರೆದವನು ಎಲ್ಲೋ ಕುಳಿತ ಒಬ್ಬ ಪ್ರೋಗ್ರಾಮರ್. ಅವನಿಗೆ ಅದು ಖಾನೆ ತುಂಬುವ ಕಟ್ಟಳೆ, ಭಾಲ್ಕಿಯ ರೈತನಿಗೆ ಅದೇ ಕಾನೂನು. ಪಟವಾರಿಯ “ನಾಳಿಗಿ ಬರ್ರಿ”ಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಪಟವಾರಿಯನ್ನಾದರೂ ಎದುರು ನಿಂತು ಕೇಳಬಹುದಿತ್ತು.

ನಿಯಮವನ್ನು ಮುಖದಿಂದ ಬಿಡಿಸಿದ್ದು ಅರ್ಧ ಕೆಲಸ. ಬಿಡಿಸಿದ ನಿಯಮವನ್ನು ಕನ್ನಡದಲ್ಲಿ, ಜನ ಓದಬಲ್ಲ ಮಾತಿನಲ್ಲಿ ಬಹಿರಂಗವಾಗಿ ಇಡುವುದು ಉಳಿದರ್ಧ. ಪ್ರತಿ ತಿರಸ್ಕಾರದ ಜೊತೆಗೆ ಯಾವ ನಿಯಮದಂತೆ ತಿರಸ್ಕಾರವಾಯಿತೆಂದು ಒಂದು ಸಾಲು ಮುದ್ರಿಸಲು ತಂತ್ರಾಂಶಕ್ಕೆ ಕಷ್ಟವೇನಿಲ್ಲ. ನಿಯಮ ಒಂದೇ ಕಡೆ ಇರುವಾಗ ಅದನ್ನು ತೋರಿಸುವುದೂ ಸುಲಭ.

ಬೀದರಿನಲ್ಲಿ 1980ರಿಂದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ. ಭಾಲ್ಕಿಯಲ್ಲಿ 1982ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಕಲಿತ ಮಕ್ಕಳು ಇಂದು ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ಕುಳಿತು ಜಗತ್ತಿನ ಕಂಪನಿಗಳಿಗೆ ತಂತ್ರಾಂಶ ಬರೆಯುತ್ತಿದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ. ಊರಿಗೆ ಬಂದಾಗ ಒಂದು ಬೆಳಿಗ್ಗೆ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲಿ. ಯಾವ ಅರ್ಜಿ ಯಾಕೆ ತಿರುಗಿ ಬರುತ್ತಿದೆ ಎಂದು ನೋಡಿ, ಬರೆದುಕೊಳ್ಳಿ, ಸಂಬಂಧಪಟ್ಟ ಇಲಾಖೆಗೆ ಬರೆಯಿರಿ. ನೀವೇ ಸರ್ಕಾರಕ್ಕಾಗಿ ತಂತ್ರಾಂಶ ಬರೆಯುವ ದಿನ ಬಂದರೆ ನಿಯಮವನ್ನು ಒಂದೇ ಕಡೆ ಬರೆಯಿರಿ, ಎಲ್ಲರೂ ಓದುವಂತೆ ಇಡಿ. ಮುಖವನ್ನು ಆ ಸಾಲಿನಲ್ಲಿ ನಿಂತವರ ಭಾಷೆಗೆ, ಅವರ ಕಣ್ಣಿಗೆ ಹೊಂದಿಸಿ.